ಅಂಗಳದ ಚೆಲ್ಲೋ

ನಾನು ಚೆಲ್ಲೋ ನುಡಿಸುವವಳು. ದೊಡ್ಡ ಪಿಟೀಲಿನಂಥ ವಾದ್ಯ ಅದು. ಯುರೋಪಿನ ಹಳೇ ಸಂಗೀತಕ್ಕೆ ಹಳೇ ಕ್ರಮದಂತೆ ಕರುಳಿನ ತಂತಿಯನ್ನೇ ಕಟ್ಟುತ್ತೇನೆ.

ಮೂಡುಬಿದಿರೆಯ ಜೈನ ಗೆಳತಿಯೊಬ್ಬಳ ಮನೆಯಲ್ಲಿ, ಒಳಗಿನ ಚಾವಡಿಯಲ್ಲಿ ಕೂತು ನುಡಿಸಿದೆ. ಅವಳ ಅಜ್ಜಿ ತಂತಿಯನ್ನು ಮೆಲ್ಲಗೆ ಸವರಿ, "ಇದನ್ನು ಎಂತರಲ್ಲಿ ಮಾಡಿದ್ದು ಮಗಳೇ?" ಎಂದು ಕೇಳಿದರು.

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಕುರಿಯ ಕರುಳಲ್ಲಿ ಅಜ್ಜಿ" ಎಂದೆ.

ಅಜ್ಜಿ ಎದ್ದು ಹೋಗಿ ಕೈ ತೊಳೆದು ಬಂದರು. ನಾನು ವಾದ್ಯವನ್ನು ಪೆಟ್ಟಿಗೆಯಲ್ಲಿಡಲು ಹೊರಟೆ.

"ಮನೆಯೊಳಗೆ ಬೇಡ. ಅಂಗಳಕ್ಕೆ ಹೋಗುವ" ಎಂದು ತಮ್ಮ ಕುರ್ಚಿಯನ್ನು ತಾವೇ ಎತ್ತಿಕೊಂಡು ನಡೆದರು. ಅಂಗಳದಲ್ಲಿ ಅವರೆದುರು ಕೂತು ಮತ್ತೆ ನುಡಿಸಿದೆ.

ಮುಂದಿನ ಸಲ ಅವರಿಗೋಸ್ಕರ ಉಕ್ಕಿನ ತಂತಿ ಕಟ್ಟಿಕೊಂಡು ಹೋದೆ. ಚಾವಡಿಯಲ್ಲೇ ಕೂತು ಪೂರ್ತಿ ಕೇಳಿದ ಅಜ್ಜಿ, "ಇದರಲ್ಲಿ ಹಿಂಸೆ ಇಲ್ಲ" ಎಂದರು. ನಾನು ವಾದ್ಯವನ್ನು ಪೆಟ್ಟಿಗೆಯಲ್ಲಿಡುವಾಗ, "ಆದರೆ ಅಂಗಳದ್ದೇ ಚಂದ ಇತ್ತು" ಎಂದರು.