ತಲೆ ಅಂಟಿಸಿದ ಬಾಲಯೇಸು

ನಾನು ಚಿಕ್ಕವಳಿದ್ದಾಗ ನೀಲಗಿರಿಯ ನಡುವಟ್ಟದ ಮಳೆಗೆ ಹೇಳುವವರು ಕೇಳುವವರು ಯಾರೂ ಇರಲಿಲ್ಲ. ಜೂನ್ ತಿಂಗಳಲ್ಲಿ ಹಿಡಿಯಿತೆಂದರೆ ಚಹಾ ತೋಟ, ದಾರಿ, ಎದುರಿನ ಬೆಟ್ಟ ಎಲ್ಲವೂ ಮಂಜಿನಲ್ಲಿ ಮುಳುಗಿಹೋಗುತ್ತಿದ್ದವು. ಒಲೆಯ ಮೇಲೆ ಒಣಹಾಕಿದ ಬಟ್ಟೆಗೆಲ್ಲ ಹೊಗೆಯ ವಾಸನೆ. ಅಂಥ ಜೂನ್‌ನಲ್ಲೇ ಎಸ್ಟೇಟಿನ ಬಂಗಲೆಯಲ್ಲಿ ಮಿಸ್ಸಿಯಮ್ಮನ ಮದುವೆ ಗೊತ್ತಾಗಿತ್ತು.

ಮಿಸ್ಸಿಯಮ್ಮ ಎಂದರೆ ಎಸ್ಟೇಟ್ ದೊರೆಯ ಮಗಳು. ಅವರದು ಐರ್ಲೆಂಡ್ ದೇಶ. ನನ್ನ ಅಪ್ಪ ಬಂಗಲೆಯ ಹೂತೋಟ ನೋಡಿಕೊಳ್ಳುತ್ತಿದ್ದರು. ಮಿಸ್ಸಿಯಮ್ಮನನ್ನು ಮಗುವಾಗಿದ್ದಾಗಿನಿಂದ ಹೆಗಲ ಮೇಲೆ ಹೊತ್ತು ತಿರುಗಿಸಿದವರು. ಅವರ ದೇಶದಲ್ಲಿ ಮದುವೆ ಮುಗಿಸಿ ಚರ್ಚಿನಿಂದ ಹೊರಬಂದ ಹೆಣ್ಣಿಗೆ ಮೊದಲ ಶುಭದ ಮಾತನ್ನು ಗಂಡಸೇ ಹೇಳಬೇಕಂತೆ. ಹೆಂಗಸು ಮೊದಲು ಹೇಳಿದರೆ ಅಪಶಕುನವಂತೆ. ಆ ಮೊದಲ ಮಾತು ತೋಟದ ಅಪ್ಪನದೇ ಆಗಬೇಕು ಎಂದು ಮಿಸ್ಸಿಯಮ್ಮ ಹಟ ಹಿಡಿದಿದ್ದರು. ಅಪ್ಪ ವಾರವಿಡೀ ಗಿಡಗಳ ಮುಂದೆ ನಿಂತು ಏನೇನೋ ಗುನುಗಿಕೊಳ್ಳುತ್ತಿದ್ದರು.

ಮದುವೆಯ ಹಿಂದಿನ ಸಂಜೆ ಅಪ್ಪ, ಅಕ್ಕ, ನಾನು ಬಂಗಲೆಯ ಬಾಗಿಲಿಗೆ ಜರಿಗಿಡದ ಎಲೆ ಕಟ್ಟುತ್ತಿದ್ದೆವು. ಮಿಸ್ಸಿಯಮ್ಮನ ತಾಯಿ ದೊರೆಸಾನಿ ಒಂದು ಗೊಂಬೆಯನ್ನು ಎದೆಗವಚಿಕೊಂಡು ಬಂದರು. ಕೆಂಪು ನಿಲುವಂಗಿ, ಚಿನ್ನದ ಬಣ್ಣದ ಕಿರೀಟ, ಗುಂಡು ಕೆನ್ನೆ. ಬಾಲಯೇಸು!

"ನಾಳೆ ಮಳೆ ಬೇಡ. ನಮ್ಮ ಊರಲ್ಲಿ ಮದುವೆ ಮುಂಚೆ ಇವರನ್ನ ಬೇಲಿ ಕೆಳಗೆ ಇಡುದು" ಎಂದರು. ನಮ್ಮ ಮಾತನ್ನು ಅವರು ಅಪ್ಪನಿಂದಲೇ ಅಷ್ಟಿಷ್ಟು ಕಲಿತಿದ್ದರು.

ಅಕ್ಕ ಬಾಯಿಗೆ ಸೆರಗು ಒತ್ತಿ ನಕ್ಕಳು. ಅಪ್ಪ ನಗಲಿಲ್ಲ. ಬೇಲಿಯ ಬುಡದಲ್ಲಿ ಕೊಚ್ಚೆ ಬಾಚಿ, ಚಪ್ಪಟೆ ಕಲ್ಲಿಟ್ಟು, ನಮ್ಮ ದೇವರನ್ನು ಕೂರಿಸುವಷ್ಟೇ ಭಕ್ತಿಯಿಂದ ಗೊಂಬೆಯನ್ನು ಕೂರಿಸಿದರು. ನನ್ನ ಅಪ್ಪ ಅಂಥವರು.

ಬೆಳಿಗ್ಗೆ ಹೂ ಕೊಯ್ಯಲು ಮೂವರೂ ಹೋದಾಗ ಮಳೆ ನಿಂತಿತ್ತು. ಆದರೆ ಎಮ್ಮೆಕರುವೊಂದು ಬೇಲಿಗೆ ನುಗ್ಗಿ ಹುಲ್ಲು ಮೇಯುತ್ತಿತ್ತು. ಕಲ್ಲಿನ ಮೇಲೆ ಗೊಂಬೆ ಇರಲಿಲ್ಲ. ಮೈ ಒಂದು ಕಡೆ ಬಿದ್ದಿತ್ತು, ತಲೆ ಚರಂಡಿಯಲ್ಲಿ ಆಕಾಶ ನೋಡುತ್ತಾ ಮಲಗಿತ್ತು.

ಅಪ್ಪ ಅಲ್ಲೇ ಕುಸಿದರು. ಮದುವೆಯ ಬೆಳಗಿನಲ್ಲಿ ದೇವರ ವಿಗ್ರಹ ಒಡೆದರೆ ನಮ್ಮ ಹಟ್ಟಿಯಲ್ಲಿ ಮದುವೆಯನ್ನೇ ನಿಲ್ಲಿಸುತ್ತಿದ್ದರು. "ನನ್ನ ಕೂಸಿಗೆ ಏನ ಆಗ್ತದೋ" ಎಂದು ಒಂದೇ ಸಮನೆ ಅತ್ತರು. ಕೆಲಸ ಹೋಗುವ ಭಯ ಅವರಿಗಿರಲಿಲ್ಲ, ಮಿಸ್ಸಿಯಮ್ಮನ ಬಾಳಿನ ಭಯ.

"ಅಳಬೇಡ ಅಪ್ಪಾ, ಅಂಟಿಸಿಬಿಡುವಾ. ಆರಿಗೂ ಗೊತ್ತಾಗದು" ಎಂದ ಅಕ್ಕ ಓಡಿಹೋಗಿ ಮೇಣದಬತ್ತಿ ತಂದಳು. ಮೇಣ ಕರಗಿಸಿ ತಲೆ ಕೂರಿಸಿದಳು. ನಿಲುವಂಗಿಯ ಕೊರಳಪಟ್ಟಿಯಲ್ಲಿ ಬಿರುಕು ಮುಚ್ಚಿಹೋಯಿತು. ನನಗಂತೂ ಅಕ್ಕನ ಕೈಚಳಕ ನೋಡಿ ಹೆಮ್ಮೆಯಾಯಿತು. ಅಪ್ಪ ಮಾತ್ರ ಗೊಂಬೆಯತ್ತ ತಿರುಗಿಯೂ ನೋಡಲಿಲ್ಲ.

ಎಸ್ಟೇಟಿನ ಪುಟ್ಟ ಚರ್ಚಿನ ಮುಂದೆ ನಾವು ಕಾದು ನಿಂತೆವು. ಗಂಟೆ ಮೊಳಗಿತು. ಹೊಸ ಗಂಡನ ತೋಳು ಹಿಡಿದು ಮಿಸ್ಸಿಯಮ್ಮ ಹೊರಬಂದರು. ಬಿಳಿ ಉಡುಪು, ಹೂಗುಚ್ಛಕ್ಕೆ ಅದೃಷ್ಟಕ್ಕೆಂದು ಕಟ್ಟಿದ ಪುಟ್ಟ ಕುದುರೆ ಲಾಳ. ಅದೇ ಗಳಿಗೆಗೆ ಮೋಡ ಸರಿದು ಎಳೆಬಿಸಿಲು ಅವರ ಮುಖಕ್ಕೆ ಬಿತ್ತು. ಹೆಂಗಸರೆಲ್ಲ ತುಟಿ ಬಿಗಿಹಿಡಿದು ಅಪ್ಪನನ್ನೇ ನೋಡಿದರು. ಅಪ್ಪ ಒಂದು ಹೆಜ್ಜೆ ಮುಂದೆ ಬಂದರು.

ದೊರೆಸಾನಿಯ ಕಡೆ ತಿರುಗಿ ಕೈಮುಗಿದರು. "ಅಮ್ಮಾ, ನಿಮ್ಮ ದೇವರ ತಲೆ ಮುರಿತು. ಕರು ಉರುಳಿಸ್ತು. ಮೇಣ ಹಾಕಿ ಅಂಟಿಸಿದೆವು. ಸುಳ್ಳು ಇಟ್ಟುಕೊಂಡ ಬಾಯಿಲಿ ಹೆಂಗೆ ಹರಸಲಿ?"

ಅಕ್ಕ ನನ್ನ ಕೈಯನ್ನು ನೋಯುವಂತೆ ಹಿಡಿದಳು.

"ಕರು ಮಾಡಿತಾ? ಯಾರೂ ಬೇಕು ಅಂತ ಮುರಿಲಿಲ್ಲ?" ದೊರೆಸಾನಿ ಕೇಳಿದರು.

"ಇಲ್ಲೆ ಅಮ್ಮಾ, ಆಣೆಗೂ ಇಲ್ಲೆ."

ದೊರೆಸಾನಿ ಟೋಪಿ ತೆಗೆದು ಗಾಳಿಗೆ ಎಸೆದು, ಚಿಕ್ಕ ಹುಡುಗಿಯಂತೆ ಕುಣಿದೇಬಿಟ್ಟರು! ಅವರ ಊರಿನಲ್ಲಿ ಆ ಗೊಂಬೆಯ ತಲೆ ತಾನಾಗಿ ಕಳಚಿದರೆ ಅದಕ್ಕಿಂತ ದೊಡ್ಡ ಶುಭವೇ ಇಲ್ಲವಂತೆ. ಬೇಕೆಂದು ಮುರಿಯುವಂತಿಲ್ಲವಂತೆ. "ನನ್ನ ಮದುವೆಗೆ ಕೂಡ ಇದು ಆಗಲಿಲ್ಲ!" ಎಂದು ಅಳುತ್ತಾ ನಗುತ್ತಾ ಹೇಳಿದರು. ನಮಗೆ ಜೀವ ಬಂದಂತಾಯಿತು.

ಆಮೇಲೆ ನಡೆದದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ನಮ್ಮ ಹೆಣ್ಣುಮಕ್ಕಳು ಹಿರಿಯರ ಮುಂದೆ ಮಾಡುವ ಹಾಗೆಯೇ ಮಿಸ್ಸಿಯಮ್ಮ ಅಪ್ಪನ ಮುಂದೆ ತಲೆ ಬಗ್ಗಿಸಿ ನಿಂತರು. ಅಪ್ಪ ಮಣ್ಣು ಮೆತ್ತಿದ ಕೈಯನ್ನು ಅಂಗಿಗೆ ಉಜ್ಜಿ, ಅವರ ತಲೆಯ ಮೇಲಿಟ್ಟರು. "ಒಳ್ಳಿತ್ತಾಗಲಿ, ನನ್ನ ಕೂಸೇ" ಎಂದರು. ವಾರವಿಡೀ ಗುನುಗಿದ್ದರಲ್ಲಿ ಅಷ್ಟೇ ಉಳಿದಿತ್ತು.

ದೇಶಕ್ಕೆ ಮರಳುವಾಗ ದೊರೆಸಾನಿ ಗೊಂಬೆಯನ್ನು ಅಪ್ಪನಿಗೇ ಕೊಟ್ಟುಹೋದರು. ನಮ್ಮ ಟಿ.ವಿ.ಯ ಪಕ್ಕದಲ್ಲಿ, ಕುತ್ತಿಗೆಯಲ್ಲಿ ಮೇಣದ ಗೆರೆ ಇಟ್ಟುಕೊಂಡು ಕುಳಿತಿರುವುದು ಅದೇ.

ಮಕ್ಕಳೇ, ಹೋದ ವರ್ಷ ನಿಮ್ಮ ಚಿಕ್ಕಮ್ಮನ ಮದುವೆ ಊಟಿಯ ದೊಡ್ಡ ಮಂಟಪದಲ್ಲಿ ಆಯಿತಲ್ಲ. ಟ್ಯೂಬ್‌ಲೈಟು, ವಿಡಿಯೋದವರು, ಮೈಕಿನಲ್ಲಿ ಹಾಡು. ಹೊರಗೆ ಬಿಸಿಲೋ ಮಳೆಯೋ ಯಾರಿಗೂ ಗೊತ್ತಿರಲಿಲ್ಲ. ಆಕಾಶ ನೋಡುವ ಕೆಲಸವೇ ಇಲ್ಲದ ಮದುವೆ! ಹಿಂದಿನ ಸಂಜೆ ಟಿ.ವಿ.ಯಲ್ಲಿ ಮಳೆ ಬರುತ್ತದೆ ಎಂದಿದ್ದರು. ಸ್ವಲ್ಪ ಹೊತ್ತಿಗೆ ಗೊಂಬೆ ಕಾಣೆಯಾಯಿತು. ಹುಡುಕಿಕೊಂಡು ಹೊರಗೆ ಬಂದರೆ, ನೀವಿಬ್ಬರೂ ಅದನ್ನು ಚಹಾ ಗಿಡದ ಕೆಳಗೆ ಕೂರಿಸಿ, ಮುರಿಯದಿರಲಿ ಎಂದು ಎರಡೂ ಕಡೆ ಕಲ್ಲು ಒತ್ತಿಡುತ್ತಿದ್ದಿರಿ.

ನಾನು ಮೆಲ್ಲನೆ ಬಾಗಿ ಒಂದು ಕಡೆಯ ಕಲ್ಲು ತೆಗೆದೆ.