ಗುಲಾಬಿ ಅಕ್ಕ ಬರೆದಿಡದ ಷರಾ

ಕಳೆದ ತಿಂಗಳಿಡೀ ನನ್ನ ಕಂಪ್ಯೂಟರಿನ ಮೂಲೆಯಲ್ಲಿ ಒಂದು ಚೀಟಿ ಏಳುತ್ತಿತ್ತು. ಬೆಳಿಗ್ಗೆ ಬಿಜೈಯ ಆಫೀಸಿನ ಬಾಗಿಲು ತೆರೆದು, ದೇವರಿಗೆ ಊದುಬತ್ತಿ ಹಚ್ಚಿ, ಗುಂಡಿ ಒತ್ತಿದ ಕೂಡಲೇ ಅದು ಹಾಜರು. ನಿಮ್ಮ ಸಿಸ್ಟಂ ಹಳೆಯದಾಯಿತು, ಇನ್ನು ಇದಕ್ಕೆ ರಕ್ಷಣೆ ಇಲ್ಲ, ಹೊಸದಕ್ಕೆ ಬದಲಾಗಿ, ಅದೂ ಉಚಿತವಾಗಿ. ನೀವಾದರೆ ಏನು ಮಾಡುತ್ತಿದ್ದಿರೋ ಗೊತ್ತಿಲ್ಲ. ಉಚಿತ ಎಂಬ ಶಬ್ದ ಕಂಡರೆ ನನ್ನ ಕೈ ತಾನಾಗಿಯೇ ಬ್ಯಾಗಿನ ಜಿಪ್ಪಿನ ಮೇಲೆ ಹೋಗುತ್ತದೆ. ನಾನು ಮೀನು ಮಾರುವವಳ ಮಗಳು. ಕೊಂಡ ಬಂಗುಡೆಯ ಮೇಲೆ ಎರಡನ್ನು ಪುಕ್ಕಟೆ ಹಾಕಿದರೆ ಆ ಎರಡನ್ನೇ ಮೊದಲು ಮೂಸಿ ನೋಡಬೇಕು ಎಂದು ಕಲಿತು ಬೆಳೆದವಳು.

ಹಾಗಾಗಿ ದಿನವೂ 'ಆಮೇಲೆ ನೋಡೋಣ' ಎಂಬ ಗುಂಡಿ ಒತ್ತಿದೆ. ಅಲ್ಲಿ 'ಬೇಡ' ಎಂಬ ಗುಂಡಿಯೇ ಇರಲಿಲ್ಲ ಎಂಬುದನ್ನೂ ಗಮನಿಸಿದೆ. ಬೇಡ ಎನ್ನುವ ದಾರಿಯೇ ಇಲ್ಲದ ಅಂಗಡಿಯಲ್ಲಿ ಸ್ವಲ್ಪ ಹೊತ್ತು ನಿಂತು ನೋಡುವುದು ಒಳ್ಳೆಯದು. ಇದನ್ನು ನೀವೂ ಬೇಕಾದರೆ ಇಟ್ಟುಕೊಳ್ಳಿ.

ಹೆದರಿಕೆಗೆ ಕಾರಣವೂ ಇತ್ತು. ನನ್ನದು ಮದುವೆ ಸಂಬಂಧ ಕೂಡಿಸುವ ಕೆಲಸ. ಒಂದು ಕುರ್ಚಿ, ಒಂದು ರಟ್ಟಿನ ಫೈಲಿನಿಂದ ಸುರು ಮಾಡಿದ್ದು ಈಗ ಮೇಲ್ಮಾಳಿಗೆಯ ಒಂದು ಕೋಣೆಯಷ್ಟಾಗಿದೆ. ಹುಡುಗ ಹುಡುಗಿಯರ ಹೆಸರು, ಫೋಟೊ, ಓದು, ಬಳಿ ಎಂದು ನಾವು ಕರೆಯುವ ಗೋತ್ರ, ಎತ್ತರ, ಎಲ್ಲ ಕಂಪ್ಯೂಟರಿನಲ್ಲಿ ಉಂಟು. ಅದು ಯಾರು ನೋಡಿದರೂ ಅಡ್ಡಿಯಿಲ್ಲ. ನೋಡಲಿ ಎಂದೇ ಕೊಟ್ಟದ್ದು. ಆದರೆ ಬಲಗಡೆಯ ಕೊನೆಯಲ್ಲಿ ನಾನೇ ಒಂದು ಕಾಲಂ ಮಾಡಿಕೊಂಡಿದ್ದೆ. ಅದರ ತಲೆಯ ಮೇಲೆ 'ಷರಾ' ಎಂದು ಬರೆದಿದ್ದೆ. ಸರಕಾರಿ ಕಚೇರಿಯ ಕಾಗದದಲ್ಲಿ ಆ ಶಬ್ದ ನೋಡಿದಾಗಿನಿಂದ ಅದರ ಮೇಲೆ ನನಗೆ ಆಸೆಯಿತ್ತು. 'ಹಿಂದೆ ಒಂದು ನಿಶ್ಚಿತಾರ್ಥ ಮುರಿದಿದೆ.' 'ತಾಯಿಯ ಬಾಯಿ ಜೋರು.' 'ಕೂದಲು ಅವನದ್ದಲ್ಲ.' 'ನೋಡಿ ಹೋದವರು ಹಲ್ಲಿನ ಕಾರಣಕ್ಕೆ ಬೇಡ ಎಂದರು, ಹುಡುಗಿಗೆ ತಿಳಿಸಿಲ್ಲ.' ಹೀಗೆ ಒಬ್ಬೊಬ್ಬರ ಮುಂದೆ ಒಂದೊಂದು ಸಾಲು. ಈ ಪೇಟೆಯ ಅರ್ಧ ಮನೆಗಳ ಮರ್ಯಾದೆ ಆ ಒಂದು ಕಾಲಮ್ಮಿನಲ್ಲಿತ್ತು.

ರಿಪೇರಿಯ ಲೋಬೊ ಅವರನ್ನು ಕರೆಸಿದೆ. ಅತ್ತಾವರದಲ್ಲಿ ಅಂಗಡಿ, ನನ್ನಷ್ಟೇ ವಯಸ್ಸು, ಅವರ ಮಗಳ ಮದುವೆಯ ಮಾತುಕತೆಗೆ ನಾನೇ ಸಲಹೆ ಕೊಟ್ಟದ್ದು. ಆದ್ದರಿಂದ ಸುಳ್ಳು ಹೇಳುವ ಜನ ಅಲ್ಲ. ಅವರು ಕನ್ನಡಕ ಏರಿಸಿ ವಿಷಯ ಬಿಡಿಸಿ ಹೇಳಿದರು. ಹಳೆಯದರಲ್ಲೇ ಉಳಿದರೆ ಬೀಗ ಸವೆದ ಬಾಗಿಲಿದ್ದ ಹಾಗೆ, ಯಾವ ಕಳ್ಳ ಬೇಕಾದರೂ ಒಳಗೆ ಬರಬಹುದು. ಹೊಸದರ ಬೀಗ ಗಟ್ಟಿ. ಆದರೆ ಅದು ಮೊದಲು ಆನ್‌ಲೈನ್ ಖಾತೆ ತೆರೆಯಿರಿ ಎನ್ನುತ್ತದೆ, ಫೈಲುಗಳ ಪ್ರತಿಯನ್ನು ತನ್ನ ಉಗ್ರಾಣದಲ್ಲಿ ಇಡುತ್ತೇನೆ ಎನ್ನುತ್ತದೆ, ನೀವು ಏನೇನು ಮಾಡುತ್ತೀರಿ ಎಂದು ಆಗಾಗ ಕಂಪೆನಿಗೆ ವರದಿ ಕಳಿಸುತ್ತದೆ.

"ಕಳ್ಳ ಬರುವುದಿಲ್ಲ ಮಾರಾಯ್ರೆ," ಎಂದರು. "ಆದರೆ ಕಾವಲಿನವನೇ ಒಳಗೆ ಬಂದು ಕೂತುಕೊಳ್ತಾನೆ. ಈಗ ನೀವು ಹೇಳಿ, ಎಂತ ಮಾಡುವ?"

ಊರಿಗೆಲ್ಲ ಸಲಹೆ ಕೊಡುವ ನಾನು ಒಂದು ವಾರ ಸಮಯ ಕೇಳಿದೆ. ಆ ವಾರದಲ್ಲಿ ನನಗೆ ಬಿಟ್ಟೂ ಬಿಡದೆ ನೆನಪಾದವಳು ಗುಲಾಬಿ ಅಕ್ಕ.

ಗುಲಾಬಿ ಅಕ್ಕ ನನ್ನ ಅಮ್ಮನ ಜೊತೆಯವಳು. ಇಬ್ಬರೂ ಬೆಳಿಗ್ಗೆ ಮೀನಿನ ಬೋಟುಗಳು ಬಂದು ನಿಲ್ಲುವ ದಕ್ಕೆಯಿಂದ ಬುಟ್ಟಿ ಹೊತ್ತು ಹೊರಟರೆ ಅಮ್ಮ ಒಂದು ಬದಿಯ ಮನೆಗಳಿಗೆ, ಅವಳು ಇನ್ನೊಂದು ಬದಿಯ ಮನೆಗಳಿಗೆ. ಅಮ್ಮ ಬರೇ ಮೀನು ಮಾರುತ್ತಿದ್ದಳು. ಗುಲಾಬಿ ಅಕ್ಕ ಮೀನಿನ ಜೊತೆ ಸಂಬಂಧವನ್ನೂ ತರುತ್ತಿದ್ದಳು. ಅಕ್ಷರ ಬಾರದು. ಫೋಟೊಗಳು ಎಲೆಅಡಿಕೆಯ ಚೀಲದಲ್ಲಿ, ಉಳಿದದ್ದೆಲ್ಲ ತಲೆಯಲ್ಲಿ. ಅವಳು ಮನೆಯೊಂದನ್ನು ಓದುತ್ತಿದ್ದ ರೀತಿಯನ್ನು ಈಗಿನ ಯಂತ್ರಗಳೂ ಕಲಿಯಬೇಕು. ಸದಾ ದುಬಾರಿಯ ಅಂಜಲ್ ಕೊಳ್ಳುವ ಮನೆ ಮೂರು ವಾರ ಅಗ್ಗದ ಭೂತಾಯಿ ಮೀನಿಗೆ ಇಳಿದರೆ ಆ ಮನೆಯಲ್ಲಿ ಕಷ್ಟ ಸುರುವಾಗಿದೆ. ಚೌಕಾಸಿಯಿಲ್ಲದೆ ದೊಡ್ಡ ಕಾಣೆ ಮೀನು ತೆಗೆದುಕೊಂಡರೆ ಮುಂಬೈಯಿಂದ ಯಾರೋ ಬಂದಿದ್ದಾರೆ. ಮೀನು ಆಯುವುದಕ್ಕೆ ಅತ್ತೆ ಬಾರದೆ ಸೊಸೆಯೇ ಬಂದರೆ ಒಳಗೆ ಅಧಿಕಾರ ಬದಲಾಗಿದೆ. ಎಲ್ಲ ಗೊತ್ತು, ಒಂದೂ ಬಾಯಿಗೆ ಬಾರದು. ಮುಂದಿನ ಮನೆಯವರು ಹಿಂದಿನ ಮನೆಯ ಸುದ್ದಿ ಕೆದಕಿದರೆ ಬುಟ್ಟಿ ಎತ್ತಿಕೊಂಡು, ಐಸು ಕರಗುತ್ತದೆ ಎಂದು ಹೊರಟೇ ಬಿಡುತ್ತಿದ್ದಳು.

ಹಾಗೆಂದು ಮೋಸಕ್ಕೆ ಸೇರುವವಳೂ ಅಲ್ಲ. ಹೇಳಲೇಬೇಕಾದ ವಿಷಯವನ್ನು ಸಂಬಂಧಪಟ್ಟವರ ಬಾಯಿಂದಲೇ ಹೇಳಿಸುತ್ತಿದ್ದಳು. ಅಪಸ್ಮಾರ ಇದ್ದ ಒಬ್ಬ ಹುಡುಗನನ್ನು ಹುಡುಗಿಯ ಮನೆಯ ಜಗಲಿಯಲ್ಲಿ ಕೂರಿಸಿ, ನೀನೇ ಹೇಳು, ನಾನು ತೋಟದಲ್ಲಿ ಕಾಯುತ್ತೇನೆ ಎಂದು ಎದ್ದು ಹೋದದ್ದನ್ನು ಅಮ್ಮ ಬಹಳ ಸಲ ಹೇಳಿದ್ದಾಳೆ. ಆ ಮದುವೆ ಆಯಿತು.

ನನಗೂ ಗಂಡು ನೋಡಿದ್ದು ಅವಳೇ. ಮೊದಲು ಬಂದವನು ಸ್ವಂತ ಬೋಟು ಇದ್ದ ಮನೆಯ ಹುಡುಗ, ನೋಡಲು ಚಂದ, ನಾನು ಒಳಗೊಳಗೇ ಒಪ್ಪಿಬಿಟ್ಟಿದ್ದೆ. ಅವರು ಚಾ ಕುಡಿದು ಹೋಗಿ ನಾಲ್ಕು ದಿನ ಕಳೆದ ಮೇಲೆ ಗುಲಾಬಿ ಅಕ್ಕ ಬಂದಳು. ಬುಟ್ಟಿ ಇಳಿಸಲಿಲ್ಲ. ತುಳುವಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ: "ಜಾತಕ ಕೂಡಿ ಬರಲಿಲ್ಲ ಮಗಾ. ಅವರಿಗೆ ಬಹಳ ಬೇಜಾರಾಯ್ತು. ಎಂತ ಮಾಡುವುದು, ಗ್ರಹದ ಎದುರು ಯಾರ ಮಾತು ನಡೀತದೆ?"

ಗ್ರಹಗಳ ಮೇಲೆ ಸಿಟ್ಟು ಮಾಡಿಕೊಂಡು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ಸರಿಹೋದೆ. ಮುಂದೆ ಈ ಕೆಲಸಕ್ಕೆ ಇಳಿದಾಗ ಆ ಮಾತನ್ನು ನಾನೂ ಎಷ್ಟೋ ಮನೆಗಳಲ್ಲಿ ಬಳಸಿದ್ದೇನೆ. ಬಳಸಿ ಬಂದ ಮೇಲೆ ನಿಜವಾದ ಕಾರಣವನ್ನು ಷರಾ ಕಾಲಮ್ಮಿಗೆ ಸೇರಿಸಿದ್ದೇನೆ.

ಇದನ್ನೆಲ್ಲ ಆ ವಾರದ ಒಂದು ಸಂಜೆ ಕಾವೂರಿನ ಮನೆಯಲ್ಲಿ ಗಂಡನಿಗೆ ಹೇಳುತ್ತಿದ್ದೆ. ಅವರು ದಕ್ಕೆಯಲ್ಲಿ ಬೋಟಿನ ಇಂಜಿನ್ ರಿಪೇರಿ ಮಾಡಿ ನಿವೃತ್ತರಾದವರು. ಇಂಜಿನ್ ಕೇಳಿಸಿಕೊಂಡ ಹಾಗೆಯೇ ನನ್ನ ಮಾತನ್ನೂ ಕೇಳುತ್ತಾರೆ, ಎಲ್ಲಿ ಶಬ್ದ ತಪ್ಪಿತು ಎಂದು. ಅವರು ಸೌತೆಕಾಯಿ ಹೆಚ್ಚುವುದನ್ನು ನಿಲ್ಲಿಸಿದರು.

"ನಿನಗೆ ಜಾತಕ ಎಲ್ಲಿ ಉಂಟು?"

"ಎಂತ?"

"ನೀನು ಹುಟ್ಟುವಾಗ ನಿನ್ನ ಅಪ್ಪ ಕಡಲಿನಲ್ಲಿ, ಮನೆಯಲ್ಲಿ ಗಡಿಯಾರವೇ ಇರಲಿಲ್ಲ. ಹೊತ್ತು ಗೊತ್ತಿಲ್ಲ ಅಂತ ಜಾತಕ ಬರೆಸಲೇ ಇಲ್ಲ. ನಮ್ಮ ಮದುವೆಗೆ ಹೆಸರುಬಲ ನೋಡಿದ್ದು. ಮರೆತೆಯಾ?"

ಮರೆತಿರಲಿಲ್ಲ. ಎರಡೂ ಗೊತ್ತಿತ್ತು, ಎರಡನ್ನೂ ಒಟ್ಟಿಗೆ ಇಟ್ಟು ನೋಡಿರಲಿಲ್ಲ, ಅಷ್ಟೆ. ಮೂವತ್ತು ವರ್ಷದ ಮೇಲಾಯಿತು. ನಾನೇ ದಿನಕ್ಕೊಂದು ಸಲ ಮಾರುವ ಸರಕನ್ನು ನನಗೇ ಯಾರೋ ಮಾರಿದ್ದು ತಿಳಿಯದೆ ಹೋಯಿತಲ್ಲ ಎಂದು ನಾನು ನಕ್ಕದ್ದಕ್ಕೆ ಪಕ್ಕದ ಮನೆಯವರು ಕಿಟಕಿಗೆ ಬಂದರು.

ನಗು ನಿಂತ ಮೇಲೆ, ಹಾಗಾದರೆ ಆ ಹುಡುಗ ನನ್ನನ್ನು ಯಾಕೆ ಬೇಡ ಎಂದ ಎಂದು ಯೋಚಿಸಿದೆ. ಬಣ್ಣವೋ, ಬಾಯಿಯೋ, ಅಮ್ಮನ ಬುಟ್ಟಿಯೋ. ಯಾರನ್ನು ಕೇಳುವುದು? ಗುಲಾಬಿ ಅಕ್ಕ ಹೋಗಿ ಬಹಳ ವರ್ಷವಾಯಿತು. ಅವಳು ಬರೆದಿಡಲಿಲ್ಲ, ಅಮ್ಮನಿಗೂ ಹೇಳಲಿಲ್ಲ. ಆ ಕಾರಣ ಈಗ ಈ ಭೂಮಿಯ ಮೇಲೆ ಎಲ್ಲಿಯೂ ಇಲ್ಲ. ಅದು ಇಲ್ಲದ್ದರಿಂದ ನಾನು ಕನ್ನಡಿಯ ಎದುರು ನಿಂತು ಒಂದು ದಿನವೂ ಅದನ್ನು ಹುಡುಕಲಿಲ್ಲ. ಹೀಗೆ ಯೋಚಿಸುತ್ತಿದ್ದಂತೆ ನನ್ನ ಕಂಪ್ಯೂಟರಿನಲ್ಲಿದ್ದ ಆ ಹಲ್ಲಿನ ಹುಡುಗಿ ಕಣ್ಣೆದುರು ಬಂದಳು. ಅವಳ ಕಾರಣ ಮಾತ್ರ ಅಚ್ಚುಕಟ್ಟಾಗಿ, ಹುಡುಕಿದ ಕೂಡಲೇ ಸಿಗುವ ಹಾಗೆ, ನನ್ನ ಹತ್ತಿರ ಉಂಟು.

ಕಂಪೆನಿಯ ಕಾವಲಿನವನ ಮೇಲೆ ಸಂಶಯಪಡುತ್ತ ಕೂತವಳಿಗೆ, ಬರೆದಿಟ್ಟವಳು ನಾನೇ ಎಂಬುದು ಹೊಳೆದಿರಲಿಲ್ಲ.

ಮರುದಿನ ಆಫೀಸಿನ ಬಾಗಿಲು ಅಡ್ಡ ಹಾಕಿ ಷರಾ ಕಾಲಮ್ಮನ್ನು ಮೇಲಿನಿಂದ ಕೆಳಗಿನವರೆಗೆ ಓದಿದೆ. ಇಷ್ಟು ಸಂತೋಷದ ಓದು ಆಗುತ್ತದೆ ಎಂದು ನಾನು ಎಣಿಸಿರಲಿಲ್ಲ. ಬಾಯಿ ಜೋರಿನ ತಾಯಿ ಈಗ ಸೊಸೆಯ ಜೊತೆ ಸೇರಿ ನೀರುದೋಸೆಯ ಕ್ಯಾಟರಿಂಗ್ ನಡೆಸುತ್ತಾಳೆ. ಆ ಬಾಯಿಯಿಂದಲೇ ಆರ್ಡರು ಬರುವುದಂತೆ. ಕೂದಲಿನವನ ಗುಟ್ಟು ಹೆಂಡತಿಗೆ ನಿಶ್ಚಿತಾರ್ಥದ ದಿನವೇ ಫ್ಯಾನಿನ ಗಾಳಿಯಲ್ಲಿ ಗೊತ್ತಾಗಿತ್ತಂತೆ, ಅವಳೇ ಹೇಳಿದ್ದಾಳೆ. ನಿಶ್ಚಿತಾರ್ಥ ಮುರಿದವಳಿಗೆ ಎರಡು ಮಕ್ಕಳು. ಒಂದೊಂದನ್ನೂ ಓದಿ, ಆ ಮನೆಯವರನ್ನು ನೆನೆದು, ಅಳಿಸಿದೆ. ಹಲ್ಲಿನ ಸಾಲಿನಲ್ಲಿ ಸ್ವಲ್ಪ ಹೊತ್ತು ಜಾಸ್ತಿ ನಿಂತೆ. ಕೊನೆಗೆ ಕಾಲಮ್ಮನ್ನೇ ತೆಗೆದೆ.

ಆಮೇಲೆ ಲೋಬೊ ಅವರಿಗೆ ಫೋನ್ ಮಾಡಿ, ಹೊಸದನ್ನೇ ಹಾಕುವ ಎಂದೆ.

ನಿಮಗೊಂದು ಮಾತು ಹೇಳಲೇಬೇಕು. ಹೊಸ ಸಿಸ್ಟಂ ಹಾಕುವಾಗ ಅದು ಒಂದಾದ ಮೇಲೊಂದು ಪ್ರಶ್ನೆ ಕೇಳುತ್ತದೆ. 'ಒಪ್ಪಿಗೆ' ಎಂಬುದು ದೊಡ್ಡದಾಗಿ ನೀಲಿಯಲ್ಲಿ, ಇನ್ನೊಂದು ದಾರಿ ಸಣ್ಣದಾಗಿ ಬೂದು ಬಣ್ಣದಲ್ಲಿ. ಗಡಿಬಿಡಿ ಮಾಡಬೇಡಿ, ಪ್ರತಿ ಪುಟದಲ್ಲೂ ಆ ಸಣ್ಣ ಅಕ್ಷರವನ್ನು ಹುಡುಕಿ. ನೀವಿರುವ ಜಾಗ ತಿಳಿಸಬಹುದೇ? ಬೇಡ. ಜಾಹೀರಾತಿಗೆ ನಿಮ್ಮ ಇಷ್ಟಗಳು? ಬೇಡ. ಫೈಲಿನ ಪ್ರತಿ ಉಗ್ರಾಣಕ್ಕೆ? ಬೇಡ. ಖಾತೆಯ ವಿಷಯದಲ್ಲಿ ಮಾತ್ರ ಅದು ಜಗ್ಗಲಿಲ್ಲ, ನಾನು ಬಿಟ್ಟುಕೊಟ್ಟೆ. ವರದಿಯೂ ಪೂರ್ತಿ ನಿಲ್ಲುವುದಿಲ್ಲವಂತೆ, ಕಡಿಮೆ ಮಾಡಿಸಿದೆ. ಚೌಕಾಸಿ ಎಂದರೆ ಅಷ್ಟೇ ಅಲ್ಲವೇ, ಅವರದ್ದೂ ಸ್ವಲ್ಪ ನಡೆಯಬೇಕು. ಲೋಬೊ ಅವರು ಗಂಟೆ ನೋಡುತ್ತ, ಇಷ್ಟು ಬೇಡ ಹೇಳಿದ ಗಿರಾಕಿಯನ್ನು ನಾನು ನೋಡಿಲ್ಲ ಎಂದರು.

ಹೊಸ ಸಿಸ್ಟಮ್ಮಿನಲ್ಲಿ ಮೊದಲು ಹೆಸರು ಬರೆಸಲು ಬಂದವಳು ಅತ್ತಾವರದ ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿ ಮಾಡುವ ಹುಡುಗಿ. ತಾಯಿಯನ್ನು ಬಿಟ್ಟು ಒಬ್ಬಳೇ ಬಂದಿದ್ದಳು. ವಿವರವೆಲ್ಲ ಕೊಟ್ಟ ಮೇಲೆ ನೇರವಾಗಿ ಕೇಳಿದಳು: "ಆಂಟಿ, ನನ್ನ ಬಗ್ಗೆ ನೀವು ಬೇರೆ ಎಂತಾದರೂ ಬರೆದಿಡ್ತೀರಾ?"

ಹದಿನೈದು ದಿನ ಮೊದಲು ಕೇಳಿದ್ದರೆ ನನಗೆ ಬೆವರು ಬರುತ್ತಿತ್ತು. ಪರದೆಯನ್ನು ಅವಳ ಕಡೆಗೆ ತಿರುಗಿಸಿ, ಇಷ್ಟೇ ಉಂಟು, ನೋಡು ಎಂದೆ. ಅವಳು ಪೂರ್ತಿ ಓದಿದಳು. ಆಮೇಲೆ ಕೀಬೋರ್ಡನ್ನು ಎಳೆದುಕೊಂಡು ಕೊನೆಗೆ ತಾನೇ ಟೈಪ್ ಮಾಡಿದಳು: 'ಅಡುಗೆ ಬರುವುದಿಲ್ಲ. ಮೀನು ತಿನ್ನಲು ಚೆನ್ನಾಗಿ ಬರುತ್ತದೆ.'

ನನ್ನೊಳಗಿನ ವ್ಯಾಪಾರಿ ಸುಮ್ಮನಿರಲಿಲ್ಲ. "'ಸದ್ಯಕ್ಕೆ' ಅಂತ ಒಂದು ಶಬ್ದ ಸೇರಿಸುವಾ? ಸದ್ಯಕ್ಕೆ ಅಡುಗೆ ಬರುವುದಿಲ್ಲ."

"ಬೇಡ ಆಂಟಿ. ಸದ್ಯಕ್ಕೆ ಅಂದರೆ ಆಮೇಲೆ ಕಲಿಸ್ತಾರೆ."

ಹಾಗೆಯೇ ಉಳಿಸಿದೆ. ಮೂರು ದಿನ ಯಾರೂ ಕೇಳಲಿಲ್ಲ. ನಾನು ಹೇಳಿದ್ದೆನಲ್ಲ ಎಂದುಕೊಂಡೆ. ನಾಲ್ಕನೆಯ ದಿನ ಕಾವೂರಿನಿಂದ ಒಬ್ಬ ಹುಡುಗನ ತಾಯಿಯ ಫೋನ್. ಮಗ ಆ ಬಯೋಡೇಟಾ ಓದಿ ಬೆಳಿಗ್ಗೆಯಿಂದ ನಗುತ್ತಿದ್ದಾನಂತೆ. ಅವಳ ನಂಬರ್ ಬೇಕು, ಮತ್ತೆ ಅವಳ ಮನೆಯವರು ಹೇಗೆ, ಒಳಗಿನ ವಿಷಯ ಏನಾದರೂ ಉಂಟೇ, ನಿಮಗೆ ಎಲ್ಲ ಗೊತ್ತಿರುತ್ತದಲ್ಲ ಎಂದರು.

"ನನಗೆ ಎಂತದೂ ಗೊತ್ತಿಲ್ಲ ಅಮ್ಮ," ಎಂದೆ. "ಹುಡುಗಿಯನ್ನು ಕೇಳ್ತೇನೆ. ಅವಳು ಹೂಂ ಅಂದರೆ ನಂಬರ್ ಕೊಡ್ತೇನೆ. ಉಳಿದದ್ದನ್ನು ನಿಮ್ಮ ಮಗನೇ ಕೇಳಲಿ."