ಹಿತ್ತಲ ದಾರಿಯ ಗಿರಿಜಕ್ಕ

ಐಸಮ್ಮನ ಒಲೆಯ ಮೇಲಿದ್ದ ಪಾತ್ರೆಯ ಮುಚ್ಚಳವನ್ನು ಗಿರಿಜಕ್ಕ ಸೆರಗಿನ ತುದಿಯಿಂದ ಎತ್ತುತ್ತಿದ್ದರು. ಬಗ್ಗಿ ಮೂಸಿ, "ಹುಳಿ ಸಾಲದು ಮಾರಾಯ್ತಿ" ಎಂದು ತೀರ್ಪು ಕೊಟ್ಟು ಮುಚ್ಚುತ್ತಿದ್ದರು.

"ನಿಮ್ಮಲ್ಲಿ ಗಂಜಿ ಬಿಟ್ಟು ಎಂತ ಉಂಟು, ಇಲ್ಲಿ ಹುಳಿ ನೋಡ್ಲಿಕ್ಕೆ ಬಂದದ್ದು?" ಎಂದು ಐಸಮ್ಮ ಕೇಳುತ್ತಿದ್ದರು.

ಹೂಡೆ ಎಂಬ ಊರಿನಲ್ಲಿ ಹೊಳೆಯ ಬದಿಗೆ ಅವರಿಬ್ಬರ ಮನೆಗಳು. ಗಿರಿಜಕ್ಕ ಒಬ್ಬರೇ ಇದ್ದು ಬೀಡಿ ಕಟ್ಟುತ್ತಿದ್ದರು. ನಾನು ಅವರ ಮನೆಯ ಮುಂಭಾಗದ ಕೋಣೆಯ ಬಾಡಿಗೆದಾರಳು, ಕೆಲಸ ಮಣಿಪಾಲದಲ್ಲಿ. ಬಜಗೋಳಿಯಲ್ಲಿದ್ದ ಅವರ ತಮ್ಮ ತನ್ನಲ್ಲಿಗೆ ಬಂದಿರಲು ಕರೆದಾಗಲೆಲ್ಲ ಗಿರಿಜಕ್ಕ, "ಅಲ್ಲಿ ನನಗೆ ಯಾರುಂಟು? ಇಲ್ಲಿಯಾದರೆ ಐಸಮ್ಮ ಇದ್ದಾಳೆ" ಎನ್ನುತ್ತಿದ್ದರು. ಎರಡು ಹಿತ್ತಲುಗಳ ನಡುವೆ ಬೇಲಿ, ಬೇಲಿಯಲ್ಲಿ ಐಸಮ್ಮನ ಅಡುಗೆಮನೆಗೆ ದಾಟಿಹೋಗಲು ಒಂದು ತಡಮೆ. ಹೊಳೆ ಉಕ್ಕಿದ ದಿನ ಐಸಮ್ಮ ತನ್ನ ಅತ್ತೆಯನ್ನು ಬೆನ್ನ ಮೇಲೆ ಹೊತ್ತು ಅದನ್ನೇ ದಾಟಿ ಬಂದಿದ್ದರು. ಆಮೇಲೆ ನಾವೆಲ್ಲ ಶಾಲೆಯ ಒಂದೇ ಕೋಣೆಯಲ್ಲಿ ಮಲಗಿದೆವು.

ನೀರಿಳಿದ ಮೇಲೆ ಸಹಾಯ ಎರಡು ದಾರಿಯಲ್ಲಿ ಬಂತು. ಗಿರಿಜಕ್ಕನ ಮನೆಯನ್ನು ಭಜನಾ ಮಂಡಳಿಯವರು ಎಬ್ಬಿಸಿಕೊಟ್ಟರು, ಐಸಮ್ಮನದನ್ನು ಮಸೀದಿಯ ಕಡೆಯವರು. ಒಳ್ಳೆಯ ಹುಡುಗರೇ, ರಜೆ ಹಾಕಿ ಕಲ್ಲು ಹೊತ್ತವರು. ಬೇಲಿ ಕೊಚ್ಚಿಹೋಗಿತ್ತು, ಕೆಂಪುಕಲ್ಲು ಮಿಕ್ಕಿತ್ತು. ಎರಡೂ ಕಡೆಯವರು ಸೇರಿ ನಡುವೆ ಆಳೆತ್ತರದ ಗೋಡೆ ಕಟ್ಟತೊಡಗಿದರು.

"ಒಂದು ತಡಮೆ ಬಿಡಿ ಮಗಾ" ಎಂದರು ಗಿರಿಜಕ್ಕ.

"ತಡಮೆ ಬಿಟ್ಟರೆ ಅದೆಂತ ಕಾಂಪೌಂಡು ಅಕ್ಕಾ? ಗೇಟು ಉಂಟಲ್ಲ, ರಾಣಿಯ ಹಾಗೆ ಹೋಗಿ" ಎಂದ ಕಲ್ಲು ಇಡುತ್ತಿದ್ದವ.

ಗಿರಿಜಕ್ಕ ನಕ್ಕರು. ಪುಕ್ಕಟೆ ಕಟ್ಟಿಕೊಡುವವರಿಗೆ ಎರಡನೆಯ ಸಲ ಹೇಳಲು ಅವರಿಂದಾಗಲಿಲ್ಲ. ಆಚೆ ಐಸಮ್ಮ ಹುಡುಗರಿಗೆ ಚಹಾ ಕೊಡುತ್ತಿದ್ದರು.

ಗೋಡೆ ಮುಗಿದ ಮೇಲೆ ಒಂದು ಸಂಜೆ ಗಿರಿಜಕ್ಕ ಸೀರೆ ಬದಲಿಸಿ, ರಸ್ತೆ ಸುತ್ತಿ ಐಸಮ್ಮನಲ್ಲಿಗೆ ಹೋದರು. ಬೇಗನೆ ಮರಳಿದರು.

"ಎಂತ ಪದಾರ್ಥ ಅಂತೆ ಅವರಲ್ಲಿ ಊಟಕ್ಕೆ?" ಎಂದು ಕೇಳಿದೆ.

"ಯಾರಿಗೆ ಗೊತ್ತು? ಎದುರು ಬಾಗಿಲಿನಿಂದ ಹೋದವಳಲ್ವಾ ನಾನು. ಕುರ್ಚಿ ಹಾಕಿದಳು. ತಟ್ಟೆಯಲ್ಲಿ ಬಿಸ್ಕೂಟು ತಂದಳು. ಮಳೆ ಕಡಿಮೆಯಾಯ್ತು ಅಂದಳು, ಹೌದು ಅಂದೆ." ಬೀಡಿಯ ಮೊರ ಎಳೆದುಕೊಂಡು ಅಂದರು, "ನಾವು ಈಗ ಬಂದು ಹೋಗುವ ನೆಂಟರಾದೆವು."

ಮತ್ತೆ ಹೋಗಲಿಲ್ಲ. ಗೋಡೆಯ ಆಚೆ ಒಗ್ಗರಣೆ ಚಟಪಟಿಸಿದರೆ ಬೀಡಿ ಕಟ್ಟುವ ಕೈ ನಿಲ್ಲುತ್ತಿತ್ತು. ನಾನು ಬಾಗಿಲ ಬಳಿ ಓದುತ್ತಾ ಕುಳಿತಿರುತ್ತಿದ್ದೆ. ಐಸಮ್ಮನ ಜಾಗ ತುಂಬುವಷ್ಟು ಮಾತು ನನ್ನಲ್ಲಿರಲಿಲ್ಲ.

ಮುಂದಿನ ಮಳೆಗಾಲಕ್ಕೆ ಮೊದಲು ಅವರ ತಮ್ಮ ಬಜಗೋಳಿಯಿಂದ ಕಾರು ತಂದ. ಈ ಸಲ ಗಿರಿಜಕ್ಕ ಬೇಡವೆನ್ನಲಿಲ್ಲ.

"ಐಸಮ್ಮನಿಗೆ ಹೇಳಿದಿರಾ?" ಎಂದು ಕೇಳಿದೆ.

"ಹೇಳಿದರೆ ಅಳ್ತಾಳೆ. ನಾನೂ ಅಳ್ತೇನೆ. ಅವಳ ಎದುರಿನ ಕೋಣೆಯಲ್ಲಿ, ಕುರ್ಚಿಯ ಮೇಲೆ ಕೂತು ಹೇಗೆ ಅಳುವುದು ಮಗಾ?"

ಬೀಗದ ಕೈಯನ್ನು ನನಗೆ ಕೊಟ್ಟು ಕಾರು ಹತ್ತಿದರು. ಆ ಸಂಜೆ ಗೋಡೆಯ ಆಚೆ ಐಸಮ್ಮ ಎಂದಿನಂತೆ ಪಾತ್ರೆ ತೊಳೆಯುತ್ತಿದ್ದರು.

ಮರುದಿನ ಬೆಳಿಗ್ಗೆ ಮಣಿಪಾಲದ ಬಸ್ಸು ಬಿಟ್ಟು, ರಸ್ತೆ ಸುತ್ತಿ ಹೋಗಿ, ಗಿರಿಜಕ್ಕ ಹೋದದ್ದನ್ನು ನಾನೇ ಐಸಮ್ಮನಿಗೆ ಹೇಳಿದೆ.